ಹನ್ನೊಂದನೇ ಸಾಲು

ಟಕ್-ಟಕ್. ಟಕ್-ಟಕ್.

ವಿಮಾನ ನಿಲ್ದಾಣದ ದೊಡ್ಡ ಹಜಾರದಲ್ಲಿ ಎರಡು ಬಣ್ಣದ ನೆಲ ಕೂಡುವ ಕಡೆ ಉದ್ದಕ್ಕೂ ಒಂದು ಹಿತ್ತಾಳೆ ಪಟ್ಟಿ ಹಾಕಿದ್ದಾರೆ. ಸೂಟ್‌ಕೇಸುಗಳು ಅದನ್ನು ದಾಟುವಾಗ ಎರಡು ಸಲ ಸದ್ದಾಗುತ್ತದೆ, ಮುಂದಿನ ಗಾಲಿಗೊಂದು, ಹಿಂದಿನ ಗಾಲಿಗೊಂದು. ಆ ಪಟ್ಟಿಯಿಂದ ಆರು ಹೆಜ್ಜೆ ಆಚೆಗೆ ಅವಳ ಮೇಜು. ಎಂಟು ವರ್ಷದಿಂದ ಅದೇ ಸದ್ದು ಕೇಳಿ ಕೇಳಿ, ಬರುತ್ತಿರುವವರು ಎಂಥವರೆಂದು ತಲೆ ಎತ್ತದೆಯೇ ಹೇಳಬಲ್ಲಳು. ಎರಡು ಸದ್ದೂ ಒಂದೇ ಉಸಿರಿಗೆ ಬಿದ್ದರೆ ಓಡುತ್ತಿರುವವರು. ಅವರನ್ನು ಕರೆದು ಪ್ರಯೋಜನವಿಲ್ಲ. ಟಕ್ ಎಂದು, ಸ್ವಲ್ಪ ತಡೆದು, ಮತ್ತೆ ಟಕ್ ಎಂದರೆ ಹೊತ್ತಿಗೆ ಮುಂಚೆಯೇ ಬಂದು ಎಲ್ಲಿ ಕೂರಲಿ ಎಂದು ಹುಡುಕುತ್ತಿರುವವರು. ಅವಳ ಗಿರಾಕಿಗಳು ಅವರೇ.

"ಸಾರ್, ಒಂದೇ ನಿಮಿಷ. ವರ್ಷಕ್ಕೆ ಎಷ್ಟು ಸಲ ವಿಮಾನ ಹತ್ತುತ್ತೀರಿ?"

ಉಳಿದ ಕಂಪನಿಗಳ ಹುಡುಗಿಯರು "ಕ್ರೆಡಿಟ್ ಕಾರ್ಡ್ ಬೇಕಾ ಸಾರ್" ಎಂದು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದರು. ಇವಳು ಎಂದೂ ಹಾಗೆ ಕೇಳಿದವಳಲ್ಲ. ತಮ್ಮ ಪ್ರಯಾಣದ ಲೆಕ್ಕ ಹೇಳಲು ಜನಕ್ಕೆ ಎಲ್ಲಿಲ್ಲದ ಖುಷಿ. ನಿಲ್ಲುತ್ತಿದ್ದರು, ಬೆರಳು ಮಡಚುತ್ತಿದ್ದರು. ಅಷ್ಟರಲ್ಲಿ ಇವಳು ಎರಡು ಕಾರ್ಡುಗಳನ್ನು ಮೇಜಿನ ಮೇಲಿಟ್ಟಿರುತ್ತಿದ್ದಳು. ಒಂದು ನೀಲಿ, ಒಂದು ಬೆಳ್ಳಿ. ನಡುವೆ ಒಂದು ಹಾಳೆ.

ಹಜಾರದವರೆಲ್ಲ ಅವಳನ್ನು ಪಾಯಿಂಟಕ್ಕ ಎನ್ನುತ್ತಿದ್ದರು. ಆ ಹಾಳೆಯೇ ಅವಳ ಬಂಡವಾಳ. ಕಂಪನಿಯ ಬಣ್ಣದ ಪುಸ್ತಿಕೆಯನ್ನು ಯಾರೂ ಓದುವುದಿಲ್ಲ, ಕೈಬರಹವನ್ನು ಜನ ನಂಬುತ್ತಾರೆ ಎಂದು ತಿಳಿದು, ಅವಳೇ ಗೀಟು ಎಳೆದು, ದುಂಡಗಿನ ಅಕ್ಷರದಲ್ಲಿ ಬರೆದು ನಕಲು ತೆಗೆಸಿದ್ದಳು. ಎಡಕ್ಕೆ ನೀಲಿ, ಬಲಕ್ಕೆ ಬೆಳ್ಳಿ. ವರ್ಷದ ಶುಲ್ಕ ನೀಲಿಗೆ ಇಲ್ಲ, ಬೆಳ್ಳಿಗೆ ಉಂಟು. ನೂರು ಖರ್ಚು ಮಾಡಿದರೆ ನೀಲಿಯಲ್ಲಿ ನಾಲ್ಕು ಪಾಯಿಂಟು, ಬೆಳ್ಳಿಯಲ್ಲಿ ಎಂಟು. ಲೌಂಜಿನ ಮೆತ್ತನೆ ಕುರ್ಚಿ, ಬಿಟ್ಟಿ ಕಾಫಿ ನೀಲಿಯವರಿಗೆ ವರ್ಷಕ್ಕೆ ಎರಡು ಸಲ, ಬೆಳ್ಳಿಯವರಿಗೆ ಬೇಕಾದಷ್ಟು ಸಲ. ಪೆಟ್ಟಿಗೆ ಕಳೆದರೆ ಎಷ್ಟು ಪರಿಹಾರ, ಹೊರದೇಶದಲ್ಲಿ ಕಾರ್ಡು ಉಜ್ಜಿದರೆ ಎಷ್ಟು ಹೆಚ್ಚುವರಿ, ಹೀಗೆ ಸಾಲು ಸಾಲಾಗಿ. ಒಟ್ಟು ಹನ್ನೊಂದು ಸಾಲು. ಗಿರಾಕಿಯ ಕಣ್ಣಿಗೆ ಬೀಳುತ್ತಿದ್ದದ್ದು ಹತ್ತು.

ಹನ್ನೊಂದನೆಯದು ಪಾಯಿಂಟುಗಳ ಆಯಸ್ಸು. ನೀಲಿ ಕಾರ್ಡಿನ ಪಾಯಿಂಟುಗಳಿಗೆ ಸಾವಿಲ್ಲ. ಬೆಳ್ಳಿಯವು ಒಂದು ವರ್ಷ ಬದುಕುತ್ತವೆ. ಅಷ್ಟರೊಳಗೆ ಒಂದಾದರೂ ವಿಮಾನದ ಟಿಕೆಟ್ ಮಾಡಿಸದಿದ್ದರೆ ಸೇರಿದ್ದಷ್ಟೂ ಸೊನ್ನೆ.

ಆರು ವರ್ಷದ ಹಿಂದೆ, ಮೊದಲ ಸಲ ಹಾಳೆ ತಾನಾಗಿಯೇ ಮಡಚಿಕೊಂಡಿತು. ಮೇಜಿನ ಮೇಲೆ ಅದನ್ನು ಸಿಕ್ಕಿಸುವ ರಟ್ಟಿಗಿಂತ ಎರಡು ಬೆರಳು ಉದ್ದವಿತ್ತು, ತುದಿ ಹಿಂದಕ್ಕೆ ಬಾಗಿತ್ತು. ಆ ತಿಂಗಳು ಬೆಳ್ಳಿ ಕಾರ್ಡು ದುಪ್ಪಟ್ಟು ಹೋಯಿತು. ಮುಂದಿನ ತಿಂಗಳು ಅವಳೇ ಮಡಚಿದಳು. ಅದರ ಮುಂದಿನ ತಿಂಗಳಿನಿಂದ ಮಡಚಿದ ಮೇಲೆ ಉಗುರಿನಿಂದ ಒಮ್ಮೆ ಎಳೆಯುವುದೂ ಅಭ್ಯಾಸವಾಯಿತು. ಮನಸ್ಸು ಚುಚ್ಚಿದಾಗ ಸಮಾಧಾನವನ್ನೂ ಅವಳೇ ಹೇಳಿಕೊಳ್ಳುತ್ತಿದ್ದಳು. ಹಾಳೆ ಅವರ ಕೈಗೇ ಕೊಡುತ್ತೇನಲ್ಲ, ಬೇಕಾದವರು ಬಿಚ್ಚಿ ನೋಡಲಿ. ತಿಂಗಳಿಗೆರಡು ಸಲ ಹಾರುವ ಎಂಜಿನಿಯರಿಗೂ ಔಷಧಿ ಕಂಪನಿಯವನಿಗೂ ಆ ಸಾಲಿನಿಂದ ಆಗಬೇಕಾದ್ದೇನು? ಅದು ನಿಜವೂ ಆಗಿತ್ತು. ಬಹಳ ಜನಕ್ಕೆ ನಿಜವಾಗಿತ್ತು.

ಇಸ್ತ್ರಿ ಅಣ್ಣನಿಗೆ ಆಗಿರಲಿಲ್ಲ.

ಹಜಾರದ ಕೆಳಗೆ, ಮೂವತ್ತೆರಡು ಮೆಟ್ಟಿಲು ಇಳಿದರೆ, ಕೊಳವೆಗಳು ಹಾದುಹೋದ ತಗ್ಗು ಚಾವಣಿಯ ಕೋಣೆಯಲ್ಲಿ ಅವನ ಲಾಂಡ್ರಿ. ಕಾವಲಿನವರ, ಕಸ ಗುಡಿಸುವವರ, ಕಾಫಿ ಅಂಗಡಿಯವರ ಸಮವಸ್ತ್ರಗಳನ್ನೆಲ್ಲ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವವನು ಅವನೇ. ಐವತ್ತೆರಡು ವರ್ಷ. ಆವಿಯಲ್ಲಿ ಬೆಂದು ಬೆಂದು ಬೆರಳ ತುದಿಗಳು ನುಣ್ಣಗಾಗಿವೆ. ಅವಳ ಎರಡು ಕೋಟುಗಳೂ ಸೋಮವಾರಕ್ಕೊಮ್ಮೆ ಅವನ ಕೈಗೆ ಹೋಗಿ ಬರುತ್ತಿದ್ದವು.

ಹೋದ ವರ್ಷ ಇದೇ ತಿಂಗಳ ಕೊನೆಯ ದಿನ, ಸಂಜೆ, ಕೋಟು ಕೊಡಲು ಅವನೇ ಮೇಲೆ ಬಂದಿದ್ದ. ಅವಳ ಟಾರ್ಗೆಟ್ಟಿಗೆ ಒಂದೇ ಒಂದು ಬೆಳ್ಳಿ ಕಡಿಮೆಯಿತ್ತು. ಆ ಒಂದು ಇಲ್ಲದಿದ್ದರೆ ತಿಂಗಳ ಬೋನಸ್ಸಿಗೆ ಕಲ್ಲು. ಬೆಳಗಿನಿಂದ ಕೇಳಿದವರೆಲ್ಲ ತಲೆಯಾಡಿಸಿ ಹೋಗಿದ್ದರು.

"ತಂಗೀ," ಎಂದ ಅವನು, ಕಾರ್ಡುಗಳನ್ನು ಮುಟ್ಟದೆ ನೋಡುತ್ತ, "ನನ್ನಂಥವನಿಗೂ ಇದನ್ನ ಕೊಡ್ತಾರಾ?"

"ಯಾಕಣ್ಣ, ಎಲ್ಲಿಗೆ ಹಾರೋ ಪ್ಲಾನು?"

"ಅಕ್ಕನ ಹತ್ರ. ಒಂದೇ ಸಲ ಹೋಗಿ ಮುಖ ನೋಡ್ಕೊಂಡು ಬಂದ್ರೆ ಸಾಕು. ಕಾಸು ಕೂಡಿಸೋಣ ಅಂದ್ರೆ ನಿಲ್ಲಲ್ಲ, ಮೆಷೀನು ಕೆಡುತ್ತೆ, ಇನ್ನೊಂದು ಕೆಡುತ್ತೆ. ಸೋಪು, ಗ್ಯಾಸು ಹೇಗೂ ತಗೊಳ್ಳಲೇಬೇಕಲ್ಲ, ಅದರಲ್ಲೇ ಪಾಯಿಂಟು ಸೇರುತ್ತೆ ಅಂದ್ರಲ್ಲ ಕಾಫಿ ಅಂಗಡಿಯವರು?"

ಅವನ ಅಕ್ಕ ಕಡಲಾಚೆ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿದ್ದಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿ, ಅವನಿಗೊಂದು ಕಸುಬು ಹಿಡಿಸಿ, ಆಮೇಲೆ ಹೋದವಳು. ಅವಳನ್ನು ಕಂಡು ಹನ್ನೆರಡು ವರ್ಷವಾಗಿತ್ತು.

"ಎರಡರಲ್ಲಿ ಯಾವುದು ಒಳ್ಳೇದು? ನನಗೇನು ಗೊತ್ತಾಗುತ್ತೆ, ನೀನೇ ಹೇಳು."

ಒಂದೇ ಸಲ ಹಾರುವವನಿಗೆ, ಯಾವಾಗ ಹಾರುತ್ತೇನೆಂದು ತಿಳಿಯದವನಿಗೆ, ನೀಲಿ. ಅದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ. ಅವಳ ಕೈ ಬೆಳ್ಳಿಯ ಕಡೆಗೆ ಹೋಯಿತು. "ಇದಣ್ಣ. ಪಾಯಿಂಟು ಎರಡರಷ್ಟು." ಆ ಮಾತೂ ಸುಳ್ಳಲ್ಲ.

ಅರ್ಜಿಯಲ್ಲಿ ಇ-ಮೇಲ್ ವಿಳಾಸ ಬೇಕಿತ್ತು. ಅವನಿಗೆ ಇರಲಿಲ್ಲ. "ನಮ್ಮ ಕೌಂಟರಿಂದೇ ಹಾಕ್ತೀನಿ ಬಿಡಣ್ಣ, ಏನಾದ್ರೂ ಬಂದ್ರೆ ನಾನೇ ಬಂದು ಹೇಳ್ತೀನಿ" ಎಂದಳು. ಅವನು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೆಳಗಿಳಿದ.

ಮುಂದಿನ ಸೋಮವಾರ ಹೋದಾಗ ಆ ಹಾಳೆ ಅವನ ಇಸ್ತ್ರಿ ಮೇಜಿನ ಮೇಲಿನ ಗೋಡೆಯಲ್ಲಿತ್ತು. ಗಂಜಿ ಹಾಕಿ ಇಸ್ತ್ರಿ ಮಾಡಿದ್ದ! ಹೊಸ ಅಂಗಿಯ ಕಾಲರಿನ ಹಾಗೆ ಗಟ್ಟಿಯಾಗಿ ನಿಂತಿತ್ತು. ಕೆಳಗಿನ ಮಡಿಕೆ ಚಾಕುವಿನಿಂದ ಕೊಯ್ದಷ್ಟು ನೇರ.

"ಮಡಿಕೆ ಸ್ವಲ್ಪ ಸೊಟ್ಟಗಿತ್ತು ತಂಗಿ. ಸರಿ ಮಾಡ್ದೆ."

"ಬಿಚ್ಚಿ ನೋಡ್ಲಿಲ್ವಾ ಅಣ್ಣ?"

"ಇನ್ನೊಬ್ಬರು ಹಾಕಿದ ಮಡಿಕೆ ನಾನು ಬಿಚ್ಚಲ್ಲ. ಪ್ಯಾಂಟಿಗೆ ಗೆರೆ ಎಲ್ಲಿ ಇಟ್ಕೊಂಡು ಬಂದಿರ್ತಾರೋ ಅಲ್ಲೇ ಇಟ್ಟು ಕೊಡೋದು. ಅವರು ಏನೋ ಯೋಚನೆ ಮಾಡೇ ಹಾಕಿರ್ತಾರೆ. ನಮ್ಮ ಕೆಲಸದ ಮರ್ಯಾದೆ ಅದು."

ಕೋಟಿನ ದುಡ್ಡು ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡ. "ನಿನ್ನ ಹತ್ರ ತಗೊಂಡ್ರೆ ಈ ಕೈ ಬಿದ್ದುಹೋಗ್ಲಿ. ನನ್ನನ್ನ ಅಕ್ಕನ ಮನೆ ಬಾಗಿಲಿಗೆ ಮುಟ್ಟಿಸ್ತಿರೋಳು ನೀನು."

ಅಲ್ಲಿಂದಾಚೆ ಒಂದು ವರ್ಷ ಅವಳು ಬಿಟ್ಟಿ ಇಸ್ತ್ರಿಯ ಕೋಟು ತೊಟ್ಟಳು. ಬಟ್ಟೆಗೆ ಅಷ್ಟು ಭಾರವಿರುತ್ತದೆಂದು ಅವಳಿಗೆ ಮುಂಚೆ ಗೊತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಕೋಟಿನ ತೋಳನ್ನು ಬೆಳಕಿಗೆ ಹಿಡಿದು ನೋಡಿ, "ಗೆರೆ ನೋಡು, ಬೆರಳಿಟ್ರೆ ಕುಯ್ದುಬಿಡೋ ಹಾಗಿದೆ. ಇಷ್ಟು ಮಾಡಿ ಒಂದು ಕಾಸೂ ಮುಟ್ಟಲ್ವಾ ಅವನು? ಅಂಥ ಉಪಕಾರ ಏನು ಮಾಡಿದ್ದೀಯೇ ಮಾರಾಯ್ತಿ?" ಎಂದು ಕೇಳಿದ್ದರು.

"ಒಂದು ಅರ್ಜಿ ತುಂಬಿಕೊಟ್ಟೆ ಅತ್ತೆ."

"ಹಾಗಾದ್ರೆ ನನಗೂ ಒಂದು ತುಂಬಿಕೊಡು. ನಾನೂ ನಿನ್ನ ಸೀರೆಗೆ ಇಸ್ತ್ರಿ ಮಾಡ್ತೀನಿ" ಎಂದು ಅತ್ತೆ ನಕ್ಕಿದ್ದರು. ಅವಳಿಗೆ ನಗು ಬರಲಿಲ್ಲ.

ಎರಡು ತಿಂಗಳ ಹಿಂದೆ ಅವನು ಆವಿಯ ನಡುವಿನಿಂದ ಮುಖ ತೂರಿಸಿ, ನಗುತ್ತ, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳಿದ. "ತಂಗೀ, ಅಕ್ಕನಿಗೆ ಮದುವೆ!"

"ಯಾರ ಅಕ್ಕನಿಗೆ?"

"ನನ್ನಕ್ಕನಿಗೇ ಕಣಮ್ಮ! ಐವತ್ತೆಂಟನೇ ವಯಸ್ಸಿಗೆ! ಭಾವ ಬೀಗ ರಿಪೇರಿ ಮಾಡೋನಂತೆ. ಆಸ್ಪತ್ರೆ ಉಗ್ರಾಣದ ಬೀಗ ತೆಗೆಯೋಕೆ ಬಂದವನು ವಾಪಸ್ ಹೋಗ್ಲೇ ಇಲ್ಲ ಅಂತಾಳೆ. ಫೋನಲ್ಲಿ ಹೇಗೆ ನಾಚ್ಕೊಂಡ್ಲು ಅಂತೀಯ, ಇಪ್ಪತ್ತರ ಹುಡುಗಿ ಥರ!" ಆಮೇಲೆ ದನಿ ತಗ್ಗಿಸಿದ. "ಕಚೇರಿಯಲ್ಲಿ ಸಹಿ ಹಾಕೋ ಮದುವೆ. ಎರಡು ಕಡೆಯಿಂದಲೂ ಒಬ್ಬೊಬ್ಬರು ಸಾಕ್ಷಿ ನಿಲ್ಲಬೇಕಂತೆ. ಅಕ್ಕನ ಕಡೆಯವರು ಅಂದ್ರೆ ಭೂಮಿ ಮೇಲೆ ನಾನೊಬ್ಬನೇ. ನೀನು ಬಾರದಿದ್ರೆ ಆಸ್ಪತ್ರೆ ವಾಚ್‌ಮನ್ನನ್ನ ನಿಲ್ಲಿಸ್ಕೋಬೇಕಾಗುತ್ತೆ ಕಣೋ ಅಂದ್ಲು. ನಗ್ತಾನೇ ಅಂದ್ಲು. ಆದ್ರೂ..."

ಅದೇ ವಾರ ಕೌಂಟರಿನ ಪರದೆಯ ಮೇಲೆ ಅವನ ಹೆಸರಿಗೆ ಮೊದಲ ಎಚ್ಚರಿಕೆ ಬಂದಿತ್ತು. ನಿಮ್ಮ ಪಾಯಿಂಟುಗಳ ಅವಧಿ ಅರವತ್ತು ದಿನಗಳಲ್ಲಿ ಮುಗಿಯುತ್ತದೆ. ಸೋಮವಾರ ಹೇಳೋಣ ಎಂದುಕೊಂಡಳು. ಸೋಮವಾರ ಅಲ್ಲಿ ಜನರಿದ್ದರು. ಮೂವತ್ತು ದಿನದ ಎಚ್ಚರಿಕೆ ಬಂದಾಗ ಓದಿ, ಓದಿದ ಗುರುತು ಹಾಕಿ ಮುಚ್ಚಿದಳು. ಏಳು ದಿನದ್ದನ್ನು ತೆರೆಯಲೇ ಇಲ್ಲ. ಆದರೆ ಅದು ದಿನವೂ ಪರದೆಯ ಮೇಲ್ತುದಿಯಲ್ಲಿ ದಪ್ಪಕ್ಷರದಲ್ಲಿ ಕೂತು ಅವಳನ್ನೇ ನೋಡುತ್ತಿತ್ತು.

ಇವತ್ತು ಕೊನೆಯ ದಿನ.

ಬೆಳಗ್ಗೆ ಮೆಟ್ಟಿಲಿಳಿಯುವಾಗ ಒಂದು ಉಪಾಯ ಹೊಳೆದಿತ್ತು. ನಿಜ ಹೇಳಲೇಬೇಕೆಂದೇನಿದೆ? ಕಂಪನಿ ಹೊಸ ನಿಯಮ ತಂದಿದೆ, ಇವತ್ತೇ ಟಿಕೆಟ್ ಮಾಡಿಸಬೇಕು ಎಂದುಬಿಟ್ಟರಾಯಿತು. ಅವಳಿಗೆ ಅದು ನೀರು ಕುಡಿದಷ್ಟು ಸುಲಭ. ಅವನೂ ಬೆಳಗುತ್ತಿದ್ದ ಮುಖದಿಂದಲೇ ಎದುರಾದ.

"ಚೀಟಿಗಳನ್ನೆಲ್ಲ ಕೂಡಿ ಲೆಕ್ಕ ಹಾಕ್ದೆ, ಪಾಯಿಂಟು ಮೂವತ್ತೆಂಟು ಸಾವಿರದ ಆರುನೂರು! ಹೋಗಿ ಬರೋಕೆ ನಲವತ್ತು ಸಾವಿರ. ಮುಂದಿನ ವಾರ ಸೋಪಿನ ಲೋಡು ಬರುತ್ತೆ, ಅಲ್ಲಿಗೆ ನಲವತ್ತು ತುಂಬ್ತು. ಅವತ್ತೇ ಟಿಕೆಟ್ಟು. ಇಲ್ನೋಡು."

ಮೊಳೆಗೆ ಒಂದು ಕೋಟು ತೂಗುಬಿದ್ದಿತ್ತು. ಕಂದು ಬಣ್ಣದ್ದು, ಹೊಸದು. ಎಷ್ಟೋ ಸಾವಿರ ಕೋಟುಗಳನ್ನು ತಿಕ್ಕಿದವನು ತನಗೆಂದು ಹೊಲಿಸಿಕೊಂಡ ಮೊದಲನೆಯ ಕೋಟು. ದಿನಕ್ಕೊಂದು ಸಲ ಇಸ್ತ್ರಿ ಮಾಡಿ ಮತ್ತೆ ನೇತುಹಾಕುತ್ತಿದ್ದನಂತೆ. "ಸಹಿ ಹಾಕೋ ದಿನ ಸುಕ್ಕಿರಬಾರದು ನೋಡು. ನಮ್ಮಕ್ಕನಿಗೆ ಸುಕ್ಕು ಕಂಡ್ರೆ ಆಗಲ್ಲ."

"ಅಣ್ಣ, ಇವತ್ತೇ..." ಎಂದಳು.

"ಏನಮ್ಮ?"

ಗೋಡೆಯ ಮೇಲೆ ಹಾಳೆ ಹಾಗೇ ಇತ್ತು, ಗಂಜಿ ಕುಡಿದು ಬೆಳ್ಳಗೆ. ಹೊಸ ನಿಯಮ ಎಂದರೆ ಅವನು ಏನೆನ್ನುತ್ತಾನೆಂದು ಅವಳಿಗೆ ಗೊತ್ತಿತ್ತು. ಕೈ ಮುಗಿಯುತ್ತಾನೆ. ನೀನಿಲ್ಲದಿದ್ರೆ ನನ್ನ ಗತಿಯೇನಾಗ್ತಿತ್ತು ತಂಗಿ ಎನ್ನುತ್ತಾನೆ. ಅದೊಂದನ್ನು ಕೇಳಿಸಿಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ನಿಜ ಹೇಳುವ ಶಕ್ತಿ ಮೊದಲೇ ಇರಲಿಲ್ಲ.

"ಇವತ್ತೇ ಸಂಜೆಗೆ ಇನ್ನೊಂದು ಕೋಟೂ ಬೇಕಿತ್ತು" ಎಂದಳು.

"ಐದಕ್ಕೇ ರೆಡಿ ಮಾಡಿಡ್ತೀನಿ."

ಮೂವತ್ತೆರಡು ಮೆಟ್ಟಿಲನ್ನೂ ಎಣಿಸುತ್ತ ಮೇಲೆ ಬಂದಳು.

ದಾರಿ ಪೂರ್ತಿ ಮುಚ್ಚಿರಲಿಲ್ಲ, ಅದೇ ಅವಳನ್ನು ತಿನ್ನುತ್ತಿದ್ದದ್ದು. ಹಜಾರದ ಇನ್ನೊಂದು ತುದಿಯಲ್ಲಿ ಪಾಯಿಂಟು ಕೊಟ್ಟು ಟಿಕೆಟ್ ಪಡೆಯುವ ಕಿಟಕಿಯಿದೆ. ಪಾಯಿಂಟು ಸ್ವಲ್ಪ ಕಡಿಮೆ ಬಿದ್ದರೆ ಆ ಕೊರತೆಯನ್ನು ದುಡ್ಡಿನಲ್ಲಿ ಕಟ್ಟಬಹುದು. ಸಾವಿರದ ನಾನೂರು ಪಾಯಿಂಟಿಗೆ ಆಗುವುದು ಎರಡು ಹೊತ್ತಿನ ಊಟದಷ್ಟು ದುಡ್ಡು. ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿದರೆ ಇಲ್ಲವೆನ್ನುವುದೂ ಇಲ್ಲ. ಆ ಕಿಟಕಿ ಸಂಜೆ ಆರಕ್ಕೆ ಮುಚ್ಚುತ್ತದೆ. ನಾಳೆ ತೆರೆಯುವ ಹೊತ್ತಿಗೆ ಮೂವತ್ತೆಂಟು ಸಾವಿರದ ಆರುನೂರು ಎಂಬುದು ಇರುವುದಿಲ್ಲ.

ಟಕ್-ಟಕ್. ಗಿರಾಕಿಗಳು ಹಾದುಹೋಗುತ್ತಲೇ ಇದ್ದರು. ಅವಳು ಯಾರನ್ನೂ ಕರೆಯಲಿಲ್ಲ.

ನಾಲ್ಕೂವರೆಗೆ ಮ್ಯಾನೇಜರು ಒಬ್ಬರನ್ನು ಕರೆದುಕೊಂಡು ಬಂದ. ಮಾತು ಮಾತಿಗೂ ಟಾರ್ಗೆಟ್ ಎನ್ನುವುದರಿಂದ ಹಜಾರದಲ್ಲಿ ಅವನಿಗೆ ಟಾರ್ಗೆಟ್ ಸಾರ್ ಎಂದೇ ಹೆಸರು. ಜೊತೆಗಿದ್ದವರು ನಲವತ್ತೇಳರ ದಪ್ಪ ಮೀಸೆಯ ಮನುಷ್ಯ. ಇಪ್ಪತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ಬಸ್ಸುಗಳಲ್ಲಿ ಟಿಕೆಟ್ ಮೆಷೀನು ಬಂದ ಮೇಲೆ ಕೆಲಸ ಕಳೆದುಕೊಂಡವರು.

"ಮೇಡಂ, ಇವರು ನಾಳೆಯಿಂದ ಎರಡನೇ ಮೇಜಿಗೆ. ನಿಮ್ಮ ಹಾಳೆ ವಿದ್ಯೆ ಪೂರ್ತಿ ಕಲಿಸಿಕೊಡಿ. ಮಡಿಕೆ ಮರೀಬೇಡಿ! ಬೇರೆ ಬ್ರಾಂಚಿನವರೂ ಇದಕ್ಕೆ ಮೇಡಂ ಮಡಿಕೆ ಅಂತಾರೆ ಗೊತ್ತಾ?"

ಕಂಡಕ್ಟರು ಕುರ್ಚಿಯ ತುದಿಯಲ್ಲಿ ಕೂತರು. ಅವಳು ಒಂದು ಹೊಸ ಹಾಳೆ ತೆಗೆದು ಒಂದೊಂದೇ ಸಾಲು ವಿವರಿಸಿದಳು. ಅವರು ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಅಂಗೈ ಮೇಲೇ ಬರೆದುಕೊಂಡರು.

"ಅಂದ್ರೆ ನೀಲಿ ಷಟಲ್ ಬಸ್ಸು, ಬೆಳ್ಳಿ ಎಕ್ಸ್‌ಪ್ರೆಸ್ಸು. ಅಲ್ವಾ ಅಕ್ಕ?" ಅವಳಿಗಿಂತ ಏಳೆಂಟು ವರ್ಷ ದೊಡ್ಡವರಾದರೂ ಅಕ್ಕ ಎಂದರು.

"ಹಾಗೇ ಅಂದ್ಕೊಳ್ಳಿ."

"ಹತ್ತು ಸಾಲಾಯ್ತು. ಇಲ್ಲಿಗೆ ಬಂದು ಮಡಚೋದಾ?"

"ಹೌದು. ಹೀಗೆ." ಮಡಚಿ ಉಗುರೆಳೆದಳು. ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಹಾದುಹೋದಂತೆ ಬೆರಳು ಚುರ್ರೆಂದಿತು.

ಕಂಡಕ್ಟರು ಹಾಳೆಯನ್ನು ತಿರುಗಿಸಿ ನೋಡಿದರು. "ಇದರೊಳಗೇನಿದೆ ಅಕ್ಕ?"

ಆರು ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅವಳು ಮೇಜಿನ ಮೇಲಿನ ಕಾರ್ಡುಗಳನ್ನು ಜೋಡಿಸತೊಡಗಿದಳು. ಅವರೇ ಬಿಚ್ಚಿ, ತುಟಿಯಾಡಿಸುತ್ತ ಓದಿದರು. ಓದಿ ಮೀಸೆ ಸವರಿಕೊಂಡರು.

"ಓಹೋ. ಟಿಕೆಟ್ ಹರಿದು ಕೊಟ್ಟು, ಇಳಿಯೋ ಸ್ಟಾಪ್ ಬಂದಾಗ ಸುಮ್ಮನೆ ಕೂತ ಹಾಗೆ."

"ಎಲ್ಲರಿಗೂ ಹಾಗಾಗಲ್ಲ ಸಾಹೇಬ್ರೇ," ಎಂದಳು. ದನಿ ಅವಳಿಗೇ ಬೇರೆಯವರದೆನಿಸಿತು. "ಪದೇ ಪದೇ ಓಡಾಡೋರಿಗೆ ಇದ್ರಿಂದ ತೊಂದ್ರೆಯಿಲ್ಲ."

"ಪದೇ ಪದೇ ಓಡಾಡೋರಿಗೆ ಸ್ಟಾಪು ಗೊತ್ತಿರುತ್ತೆ ಬಿಡಿ, ತಾವೇ ಇಳ್ಕೋತಾರೆ. ಹೊಸಬರು ಇರ್ತಾರಲ್ಲ, ನಮ್ಮನ್ನ ನಂಬಿ ನಿದ್ದೆ ಹೊಡೀತಿರ್ತಾರೆ. ನಾನು ಭುಜ ತಟ್ಟಿ ಎಬ್ಬಿಸ್ತಿದ್ದೆ. ಒಬ್ಬಜ್ಜಿ ಸರಿಯಾಗಿ ಉಗಿದ್ಲು, ಒಳ್ಳೇ ಕನಸು ಕೆಡಿಸ್ದೆ ಅಂತ!" ಅವರು ನಕ್ಕರು. ಯಾರನ್ನೂ ಚುಚ್ಚಲು ಆಡಿದ ಮಾತಲ್ಲ ಅದು. ಪೆನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, "ಆಯ್ತು, ಮಡಚೋಣ. ನೌಕರಿ ಅಂದ್ಮೇಲೆ ಮಡಚ್ಬೇಕು" ಎಂದು ತಾವೇ ಮಡಚಲು ಹೋದರು. ಮಡಿಕೆ ಸೊಟ್ಟಗೆ ಬಂತು.

ಟಾರ್ಗೆಟ್ ಸಾರ್ ಫೋನು ಮುಗಿಸಿ ಹತ್ತಿರ ಬಂದ. "ಕಲಿತ್ರಾ? ಮೇಡಂ, ಇವತ್ತು ತಿಂಗಳ ಕೊನೆ, ನೆನಪಿದೆಯಲ್ಲ? ನಿಮಗೆ ಇನ್ನೊಂದು ಬೆಳ್ಳಿ ಬಾಕಿ. ಹೋದ ವರ್ಷವೂ ಕೊನೇ ಗಳಿಗೆಯಲ್ಲಿ ಹೊಡೆದ್ರಿ. ಅದ್ಯಾರೋ ಲಾಂಡ್ರಿಯವನು ಸಿಕ್ಕಿದ್ನಲ್ಲ! ನಾನು ಟ್ರೈನಿಂಗಲ್ಲಿ ಇವತ್ತಿಗೂ ಆ ಉದಾಹರಣೆ ಕೊಡ್ತೀನಿ. ಗಿರಾಕಿ ಮೇಲಿಂದಲೇ ಬರಬೇಕು ಅಂತಿಲ್ಲ, ಕೆಳಗಿಂದಲೂ..."

ಗೋಡೆ ಗಡಿಯಾರ ಐದೂ ಹತ್ತು ತೋರಿಸುತ್ತಿತ್ತು. ಐದಕ್ಕೇ ರೆಡಿ ಮಾಡಿಡ್ತೀನಿ ಎಂದಿದ್ದ. ಮಾಡಿಟ್ಟಿರುತ್ತಾನೆ. ಇಲ್ಲಿಂದ ಕೆಳಗಿಳಿಯಲು ಎರಡು ನಿಮಿಷ. ಹೇಳಲು ಎಷ್ಟು ನಿಮಿಷ ಬೇಕಾಗುತ್ತದೋ. ಕೇಳಿದ ಮೇಲೆ ಅವನು ಸುಮ್ಮನಾಗುತ್ತಾನೆ. ಆ ಮೌನಕ್ಕೆಷ್ಟು ಹೊತ್ತು ಹಿಡಿಯುತ್ತದೋ. ಅಲ್ಲಿಂದ ಕಿಟಕಿಗೆ ನಡೆದರೆ ಐದು ನಿಮಿಷ.

ಅವಳು ಸೊಟ್ಟ ಮಡಿಕೆಯ ಆ ಹಾಳೆಯನ್ನು ಕಂಡಕ್ಟರ ಕೈಯಿಂದ ತೆಗೆದುಕೊಂಡಳು. ಬಿಚ್ಚಿದಳು. ಅಂಗೈಯಿಂದ ಮೇಜಿನ ಮೇಲೆ ಒತ್ತಿ ಒತ್ತಿ ನೀವಿದಳು. ಗೆರೆ ಹೋಗಲಿಲ್ಲ, ಆದರೆ ಹನ್ನೊಂದೂ ಸಾಲು ಕಾಣುತ್ತಿದ್ದವು. ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ಕೈಚೀಲ ಹೆಗಲಿಗೇರಿಸಿದಳು.

"...ಕೆಳಗಿಂದಲೂ ಬರಬಹುದು, ನಾವು ಕಣ್ಣು ಬಿಟ್ಕೊಂಡು... ಮೇಡಂ? ಎಲ್ಲಿಗೆ? ಇನ್ನೊಂದು ಬೆಳ್ಳಿ..."

ಅವಳು ಎದ್ದು ನಡೆದಿದ್ದಳು. ಕಾಲು ಹಿತ್ತಾಳೆ ಪಟ್ಟಿಯನ್ನು ದಾಟಿತು. ಗಾಲಿಯಿಲ್ಲದ ಹೆಜ್ಜೆಗೆ ಅದು ಸದ್ದು ಮಾಡಲಿಲ್ಲ.

"ಮೇಡಂ, ನಾನಿನ್ನೂ ಮಾತಾಡ್ತಾ ಇದ್ದೀನಿ!"

"ಸ್ಟಾಪ್ ಬಂದಿರಬೇಕು ಬಿಡಿ ಸಾರ್" ಎಂದದ್ದು ಕಂಡಕ್ಟರ ದನಿ.

ಅವಳು ತಿರುಗಲಿಲ್ಲ. ಮೆಟ್ಟಿಲ ಬಾಯಿಯಲ್ಲಿ ಬೆಂದ ಬಟ್ಟೆಯ, ಗಂಜಿಯ ಬಿಸಿ ವಾಸನೆ ಮುಖಕ್ಕೆ ಹೊಡೆಯಿತು. ಕೆಳಗೆ ಯಾರೋ ಶಿಳ್ಳೆ ಹಾಕುತ್ತಿದ್ದರು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಡಿಕೆ ಮತ್ತೆ ಕೂಡಿಕೊಳ್ಳದಂತೆ ಹೆಬ್ಬೆರಳು ಒತ್ತಿ, ಅವಳು ಇಳಿಯತೊಡಗಿದಳು.